ಹುಣಸೆಮರದ ಬಾಡಿಗೆದಾರರು: ಕೊಕ್ಕರೆ ಬೆಳ್ಳೂರಿನ ಒಂದು ಪ್ರಕರಣ

ಮಂಡ್ಯ ಜಿಲ್ಲೆಯಲ್ಲಿ ಬರೀ ಬೆಳ್ಳೂರು ಅಂದರೆ ಜನ ನಾಗಮಂಗಲ ತಾಲ್ಲೂಕಿನ ಕಡೆ ಕೈ ತೋರಿಸುತ್ತಾರೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಓಡಾಡಿದವರಿಗೆಲ್ಲ ಬೆಳ್ಳೂರು ಕ್ರಾಸ್ ಗೊತ್ತು. ಮದ್ದೂರು ತಾಲ್ಲೂಕಿನ ಬೆಳ್ಳೂರಿಗೆ ಹೋಗಬೇಕಾದವರು ಹೆಸರಿನ ಮುಂದೆ ‘ಕೊಕ್ಕರೆ’ ಸೇರಿಸಿಯೇ ಹೇಳಬೇಕು. ನಮ್ಮ ಕಡೆ ಊರಿಗೆ ಅಡ್ಡಹೆಸರು ಬೀಳುವುದು ಸಂತೆಯಿಂದ, ಕೋಟೆಯಿಂದ, ಇಲ್ಲವೇ ಊರ ದೇವರಿಂದ. ಇಲ್ಲಿ ಆ ಹೆಸರು ಕೊಟ್ಟವು ವರ್ಷದಲ್ಲಿ ಆರೇಳು ತಿಂಗಳು ಇದ್ದು ಎದ್ದು ಹೋಗುವ ಹಕ್ಕಿಗಳು.

ಪಕ್ಷಿಧಾಮ ಅಂದುಕೊಂಡು ಬಂದವರಿಗೆ ಮೊದಲು ಆಗುವುದು ಗೊಂದಲ. ಗೇಟು ಕಾಣುವುದಿಲ್ಲ, ದೋಣಿ ಇಲ್ಲ, ಕಾಡಂತೂ ಇಲ್ಲವೇ ಇಲ್ಲ. ಇರುವುದು ಮಾಮೂಲಿ ಹಳೇ ಮೈಸೂರು ಸೀಮೆಯ ಊರು: ಹೆಂಚಿನ ಮನೆ, ಆರ್‌ಸಿಸಿ ಮನೆ, ತಿಪ್ಪೆ, ಹುಲ್ಲಿನ ಮೆದೆ, ಕಟ್ಟಿದ ಎಮ್ಮೆ, ಬೀದಿಯ ತಿರುವಿನಲ್ಲಿ ಒಂದು ಚಿಲ್ಲರೆ ಅಂಗಡಿ. ತಲೆ ಎತ್ತಿದರೆ ಮಾತ್ರ ಬೇರೆ ಲೋಕ. ಮನೆಯ ಹಿತ್ತಲಿನ ಹುಣಸೆಮರದ ನೆತ್ತಿಯಲ್ಲಿ, ಕುರಿಮರಿಯಷ್ಟು ದಪ್ಪದ ಹತ್ತಿಪ್ಪತ್ತು ಹೆಜ್ಜಾರ್ಲೆಗಳು (ಪೆಲಿಕನ್‌ಗಳು) ಕಡ್ಡಿಯ ಗೂಡುಗಳ ಮೇಲೆ ಕುಳಿತಿರುತ್ತವೆ. ಅದೇ ಮರದಲ್ಲೋ ಪಕ್ಕದ ಮರದಲ್ಲೋ ಬಣ್ಣದ ಕೊಕ್ಕರೆಗಳ ಸಂಸಾರ.

ಈ ಪ್ರಕರಣದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಹಕ್ಕಿಗಿಂತ ಹೆಚ್ಚಾಗಿ ಮರ. ಆ ಮರಕ್ಕೆ ಯಜಮಾನನಿದ್ದಾನೆ. ಅದು ಅರಣ್ಯ ಇಲಾಖೆಯದಲ್ಲ, ಗೋಮಾಳದ್ದೂ ಅಲ್ಲ. ಯಾರದೋ ಅಜ್ಜ ನೆಟ್ಟದ್ದು, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಹಂಚಿಕೆಯಾದದ್ದು. ಊರು–ಹಕ್ಕಿ ಬಾಂಧವ್ಯದ ಬಗ್ಗೆ ಬರೆಯುವವರು ಈ ಪಾಲುಪಟ್ಟಿಯನ್ನು ಮರೆತು ಬರೆಯುತ್ತಾರೆ ಅನ್ನುವುದು ನನ್ನ ತಕರಾರು.

ಜಾಗ

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಹೊರಟರೆ ಚನ್ನಪಟ್ಟಣ ದಾಟಿ, ಮದ್ದೂರು ಇನ್ನೂ ಬರುವ ಮುಂಚೆ ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರ್ ಒಳಗೆ ಹೋಗಬೇಕು. ಈಗಿನ ಎಕ್ಸ್‌ಪ್ರೆಸ್‌ವೇಯಲ್ಲಿ ಹಾರುವವರಿಗೆ ಆ ತಿರುವು ಕಣ್ಣಿಗೆ ಬೀಳದೆಯೂ ಹೋಗಬಹುದು. ಒಳದಾರಿಯಲ್ಲಿ ಕಬ್ಬು, ಭತ್ತ, ರಾಗಿ, ಹಿಪ್ಪುನೇರಳೆ, ತೆಂಗು. ನೀರು ಹತ್ತಿದಲ್ಲಿ ಹಸಿರು, ಹತ್ತದ ದಿಣ್ಣೆಯಲ್ಲಿ ಹುರುಳಿ.

ಊರಿಗೆ ಹತ್ತಿರದಲ್ಲೇ ಶಿಂಷಾ ಹರಿಯುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆಯಿಂದ ಹುಟ್ಟಿ, ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟಿಗೆ ಸಿಕ್ಕಿ, ಮದ್ದೂರನ್ನು ಮುಟ್ಟಿ, ಮಳವಳ್ಳಿಯ ಕೆಳಗೆ ಕಾವೇರಿ ಸೇರುವ ನದಿ. ನದಿ ಎಂದ ಮಾತ್ರಕ್ಕೆ ಎರಡೂ ದಡ ತುಂಬಿದ ಹೊಳೆಯನ್ನು ಕಲ್ಪಿಸಿಕೊಳ್ಳಬಾರದು. ಬೇಸಿಗೆಯಲ್ಲಿ ಮರಳು, ಬಂಡೆ, ಅಲ್ಲೊಂದು ಇಲ್ಲೊಂದು ಮಡುವು. ಹಕ್ಕಿಗಳ ಹೊಟ್ಟೆ ತುಂಬಿಸುವುದು ಹೆಚ್ಚಾಗಿ ಈ ನದಿಯಲ್ಲ, ಸುತ್ತಲಿನ ಕೆರೆಗಳು. ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಇನ್ನೂ ಹೆಸರು ಹೇಳದ ಹತ್ತಾರು ಕಟ್ಟೆಗಳು. ಕನ್ನಂಬಾಡಿ ಕಟ್ಟೆಯಾದ ಮೇಲೆ 1930ರ ದಶಕದಲ್ಲಿ ಮಂಡ್ಯ–ಮದ್ದೂರಿಗೆ ನಾಲೆ ಬಂತು. ಆಗ ಅದರ ಹೆಸರು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ಮಳೆ ಕೈಕೊಟ್ಟ ವರ್ಷವೂ ಕೆಲವು ಕೆರೆಗಳಲ್ಲಿ ನಾಲೆಯ ನೀರು, ಗದ್ದೆಯ ಬಸಿನೀರು ನಿಲ್ಲುವುದು ಆ ಕಾರಣಕ್ಕೆ.

ಎರಡು ಹಕ್ಕಿಗೂ ಬೇಕಾದ ನೀರು ಒಂದೇ ಬಗೆಯದಲ್ಲ. ಹೆಜ್ಜಾರ್ಲೆ ತೇಲಿಕೊಂಡು, ಗಂಟಲಚೀಲವನ್ನು ಬಲೆಯಂತೆ ನೀರಿಗಿಳಿಸಿ ಮೀನನ್ನು ಮೊಗೆಯುತ್ತದೆ. ಬಣ್ಣದ ಕೊಕ್ಕರೆ ಮೊಣಕಾಲುದ್ದದ ನೀರಿನಲ್ಲಿ ನಿಂತು, ಕೊಕ್ಕನ್ನು ಅರೆತೆರೆದು ಅದ್ದಿ, ಅತ್ತಿಂದಿತ್ತ ಆಡಿಸುತ್ತ ನಡೆಯುತ್ತದೆ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಣ್ಣಿಗೆ ಕೆಲಸವಿಲ್ಲ, ಸ್ಪರ್ಶದ ಬೇಟೆ. ಹೀಗಾಗಿ ಒಂದಕ್ಕೆ ತುಂಬಿದ ಕೆರೆ ಬೇಕು, ಇನ್ನೊಂದಕ್ಕೆ ಇಳಿಯುತ್ತಿರುವ ಕೆರೆ. ಹೆಜ್ಜಾರ್ಲೆಗಳು ಹಿಂಗಾರಿನ ಹೊತ್ತಿಗೆ, ಅಕ್ಟೋಬರ್–ನವೆಂಬರ್‌ನಲ್ಲಿ ಬರಲು ಶುರುಮಾಡುತ್ತವೆ. ಕೊಕ್ಕರೆಗಳು ಅವುಗಳ ಹಿಂದೆ, ಚಳಿ ಬಲಿತ ಮೇಲೆ. ಎಲ್ಲ ಮರಿಗಳೂ ರೆಕ್ಕೆ ಬಲಿತು ಹೊರಡುವುದು ಮುಂಗಾರಿನ ಮೊದಲ ಮಳೆಯ ಆಸುಪಾಸಿನಲ್ಲಿ. ಊರ ಹೆಂಗಸರು ಇದಕ್ಕೆ ಬಹಳ ಹಳೆಯ ಹೋಲಿಕೆಯೊಂದನ್ನು ಇಟ್ಟುಕೊಂಡಿದ್ದಾರೆ: ಹೆಣ್ಣುಮಕ್ಕಳು ತವರಿಗೆ ಬಾಣಂತನಕ್ಕೆ ಬಂದ ಹಾಗೆ. ಬಂದ ಮಗಳನ್ನು ಓಡಿಸುವುದುಂಟೇ? ಹಕ್ಕಿ ಬಂದರೆ ಮಳೆ–ಬೆಳೆ, ಬಾರದಿದ್ದರೆ ಊರಿಗೆ ಕೇಡು ಅನ್ನುವ ನಂಬಿಕೆ ಅದರ ಜೊತೆಗೇ ಬಂದದ್ದು. ತುಸು ಯೋಚಿಸಿದರೆ ಇದು ಬರೀ ನಂಬಿಕೆಯೂ ಅಲ್ಲ. ಮಳೆ ಬಾರದ ವರ್ಷ ಕೆರೆ ತುಂಬುವುದಿಲ್ಲ, ಕೆರೆ ತುಂಬದ ವರ್ಷ ಹಕ್ಕಿ ಕಡಿಮೆ. ಕಾರಣ–ಪರಿಣಾಮ ಅದಲುಬದಲಾಗಿದೆ, ಅಷ್ಟೇ. ನೋಡಿದ್ದು ಸರಿಯಾಗಿಯೇ ಇದೆ.

ಪ್ಲೇಗಿನ ವರ್ಷ

ಈಗಿರುವ ಊರು ಮೂಲದ ಊರಲ್ಲ. ಹಿಂದೆ ಬೆಳ್ಳೂರು ಶಿಂಷಾ ದಡಕ್ಕೆ ಇನ್ನೂ ಹತ್ತಿರವಿತ್ತು, 1916ರಲ್ಲಿ ಪ್ಲೇಗು ಬಂದಾಗ ಜನ ಆ ಜಾಗ ಬಿಟ್ಟು ಇಲ್ಲಿಗೆ ಬಂದರು ಎಂದು ಊರಿನವರು ಹೇಳುತ್ತಾರೆ.

ಪ್ಲೇಗು ಮುಂಬಯಿಗೆ ಕಾಲಿಟ್ಟದ್ದು 1896ರಲ್ಲಿ. ಎರಡೇ ವರ್ಷದಲ್ಲಿ ರೈಲಿನ ದಾರಿ ಹಿಡಿದು ಬೆಂಗಳೂರಿಗೆ, ಮೈಸೂರಿಗೆ ಬಂತು. ಆಮೇಲೆ ದಶಕಗಳ ಕಾಲ ಬಿಟ್ಟು ಬಿಟ್ಟು ಹಳ್ಳಿಗಳನ್ನು ತಿಂದಿತು. ಇಲಿ ಬಿದ್ದರೆ ಊರು ಬಿಡುವುದು ಆಗಿನ ವಾಡಿಕೆ. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು, ಪ್ಲೇಗಿನಮ್ಮನಿಗೆ ಪೂಜೆ ಮಾಡುತ್ತಿದ್ದರು, ರೋಗ ಇಳಿದ ಮೇಲೆ ವಾಪಸು ಹೋಗುತ್ತಿದ್ದರು. ಕೆಲವು ಊರುಗಳು ವಾಪಸು ಹೋಗಲೇ ಇಲ್ಲ. ಹಳೇ ಮೈಸೂರಿನಲ್ಲಿ ‘ಹಳೆಯೂರು’, ‘ಹಾಳೂರು’ ಅನ್ನುವ ಹೊಲಗಳು ಎಷ್ಟಿವೆಯೋ. ಉಳುವಾಗ ಮಡಕೆಯ ಚೂರು, ಒರಳುಕಲ್ಲು ಸಿಗುತ್ತವೆ.

ಬೆಳ್ಳೂರಿನ ವಿಶೇಷವೆಂದರೆ ಜನ ಹೋದಲ್ಲಿಗೆ ಹಕ್ಕಿಗಳೂ ಹೋದವಂತೆ. ನದಿಯ ಹತ್ತಿರದ ಖಾಲಿ ಊರಿನ ಮರಗಳನ್ನು ಬಿಟ್ಟು ಹೊಸ ಊರಿನ ಮರಗಳಿಗೆ ಬಂದವು. ಊರಿನ ಹೆಮ್ಮೆಯ ಕಥೆ ಇದು, ಕೇಳುವವರೂ ಕಣ್ಣರಳಿಸುತ್ತಾರೆ. ಪವಾಡವನ್ನು ಬದಿಗಿಟ್ಟು ನೋಡಿದರೂ ಇದಕ್ಕೆ ಅರ್ಥವಿದೆ ಅನಿಸುತ್ತದೆ ನನಗೆ. ಜನ ಬಿಟ್ಟ ಜಾಗದಲ್ಲಿ ಮರ ಕಡಿಯುವವರನ್ನು ತಡೆಯುವವರು ಯಾರು? ಜನರಿರುವ ಕಡೆ ಬೇಟೆಗಾರ ಸುಳಿಯಲಾರ, ಕಾಡುಬೆಕ್ಕು ಮರ ಹತ್ತಲು ಹಿಂದೆಮುಂದೆ ನೋಡುತ್ತದೆ, ನಾಯಿ ಬೊಗಳುತ್ತದೆ. ನೆಲದಲ್ಲಿ ಗಲಾಟೆ, ನೆತ್ತಿಯಲ್ಲಿ ನೆಮ್ಮದಿ. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟನ್ನು ನೋಡಿ: ಅಲ್ಲಿ ಕಾವೇರಿಯ ನಡುಗಡ್ಡೆಗಳ ಸುತ್ತ ನೀರಿದೆ, ನೀರಲ್ಲಿ ಮೊಸಳೆಯಿದೆ, 1940ರಿಂದ ಸರ್ಕಾರದ ರಕ್ಷಣೆಯಿದೆ. ಮನುಷ್ಯರು ಮುಟ್ಟಲಾಗದ್ದರಿಂದ ಅಲ್ಲಿ ಹಕ್ಕಿಗೆ ಕ್ಷೇಮ. ಬೆಳ್ಳೂರಿನಲ್ಲಿ ಅದೇ ಹಕ್ಕಿ ಮನುಷ್ಯರ ಮಾಡಿನ ಮೇಲೇ ಬಂದು ಕೂತಿದೆ.

ಇಲ್ಲೊಂದು ಸಣ್ಣ ಜಗಳ ತೆಗೆಯಬೇಕಿದೆ. ಟಿ.ಸಿ. ಜೆರ್ಡನ್ ಎಂಬ ಬ್ರಿಟಿಷ್ ವೈದ್ಯ–ಪಕ್ಷಿತಜ್ಞ 1860ರ ದಶಕದಲ್ಲಿ, ‘ಕರ್ನಾಟಿಕ್’ ಸೀಮೆಯ ಒಂದು ಹಳ್ಳಿಯ ನಡುವಿನ ಗಿಡ್ಡ ಮರಗಳಲ್ಲಿ ಹೆಜ್ಜಾರ್ಲೆಗಳು ಜನರಿಗೆ ಹೆದರದೆ ಗೂಡು ಕಟ್ಟಿದ್ದನ್ನು ನೋಡಿದ್ದಾಗಿ ಬರೆದಿದ್ದಾನೆ. ಅದು ನಮ್ಮ ಬೆಳ್ಳೂರೇ ಎಂದು ಎಷ್ಟೋ ಕಡೆ ಸಲೀಸಾಗಿ ಹೇಳಿಬಿಡುತ್ತಾರೆ. ಆದರೆ ಆ ಕಾಲದ ಇಂಗ್ಲಿಷರ ಬಾಯಲ್ಲಿ ‘ಕರ್ನಾಟಿಕ್’ ಎಂದರೆ ಆರ್ಕಾಟು, ನೆಲ್ಲೂರಿನ ಕಡೆಯ ಪೂರ್ವ ಕರಾವಳಿಯ ಬಯಲು. ಮದ್ದೂರು ಅವರಿಗೆ ‘ಮೈಸೂರು’. ಮೊನ್ನೆಮೊನ್ನೆಯವರೆಗೆ ನೆಲ್ಲೂರು ಜಿಲ್ಲೆಯಲ್ಲಿದ್ದು, 2022ರಲ್ಲಿ ತಿರುಪತಿ ಜಿಲ್ಲೆಗೆ ಸೇರಿದ ನೇಲಪಟ್ಟು ಇವತ್ತಿಗೂ ಹೆಜ್ಜಾರ್ಲೆಗಳ ದೊಡ್ಡ ತಾಣ. ಹೆಸರಿನ ಹೋಲಿಕೆಗೆ ಮರುಳಾಗಿ ಊರಿಗೆ ಪುರಾವೆ ಒದಗಿಸುವುದು ಬೇಡ. ಜೆರ್ಡನ್ ಬರದಿದ್ದರೂ ಬೆಳ್ಳೂರು ಬೆಳ್ಳೂರೇ.

ಹೊರಜಗತ್ತಿಗೆ ಈ ಊರು ಗೊತ್ತಾದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರಿಂದ. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ರಸ್ತೆಗಳಿಗೆ ಲಕ್ಷಾಂತರ ಗಿಡ ನೆಡಿಸಿದವರು ಅವರೇ. ಅವರು ಇಲ್ಲಿ ಗೂಡುಗಳನ್ನು ಎಣಿಸಿ, ವರದಿ ಬರೆದು, ಹೆಜ್ಜಾರ್ಲೆಯ ಸಂತಾನತಾಣ ಕರ್ನಾಟಕದಲ್ಲೂ ಇದೆ ಎಂದು ತೋರಿಸಿಕೊಟ್ಟರು. ಅದಕ್ಕಿಂತ ದೊಡ್ಡ ಕೆಲಸ ಅವರು ಗುರುತಿಸಿದ ಇನ್ನೊಂದು ಸಂಗತಿ: ಹಕ್ಕಿಗಳಿಗೆ ಜಾಗ ಬಿಟ್ಟುಕೊಟ್ಟವರು ಏನನ್ನೋ ಕಳೆದುಕೊಳ್ಳುತ್ತಿದ್ದಾರೆ ಎಂಬುದು.

ಒಂದು ಮರದ ಲೆಕ್ಕ

ಏನು ಕಳೆದುಕೊಳ್ಳುತ್ತಾರೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹುಣಸೆ ಹೂ ಬಿಡುವುದು ಮುಂಗಾರಿನ ಹೊತ್ತಿಗೆ, ಕಾಯಿ ಬಲಿತು ಹಣ್ಣಾಗುವುದು ಸಂಕ್ರಾಂತಿ ಕಳೆದ ಮೇಲೆ. ಶಿವರಾತ್ರಿಯಿಂದ ಯುಗಾದಿಯವರೆಗೆ ನಮ್ಮ ಹಳ್ಳಿಗಳಲ್ಲಿ ಹುಣಸೆ ಬಡಿಯುವ ಕಾಲ. ಗಂಡಸರು ಮರ ಹತ್ತಿ ಕೊಂಬೆ ಅಲುಗಿಸುತ್ತಾರೆ, ಗಳು ಹಿಡಿದು ಬಡಿಯುತ್ತಾರೆ, ಕೆಳಗೆ ಹೆಂಗಸರು, ಮಕ್ಕಳು ಆಯುತ್ತಾರೆ. ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂತು ಸಿಪ್ಪೆ ಬಿಡಿಸಿ, ನಾರು ತೆಗೆದು, ಬೀಜ ಕುಟ್ಟಿ ಬೇರೆ ಮಾಡುತ್ತಾರೆ. ವರ್ಷದ ಸಾರಿಗಾಗುವಷ್ಟು ಉಪ್ಪು ಬೆರೆಸಿ ಗಡಿಗೆಗೆ, ಮಿಕ್ಕಿದ್ದು ಸಂತೆಗೆ. ಒಳ್ಳೆಯ ಫಸಲಿನ ವರ್ಷ ಒಂದು ದೊಡ್ಡ ಮರ ಒಂದೂವರೆ ಕ್ವಿಂಟಲ್ ಮೀರಿ ಹಣ್ಣು ಕೊಡಬಲ್ಲದು. ಬಡಿಯುವ ತಾಪತ್ರಯ ಬೇಡ ಅನ್ನುವವರು ಕಾಯಿ ಇರುವಾಗಲೇ ಮರವನ್ನು ಗುತ್ತಿಗೆಗೆ ಕೊಡುತ್ತಾರೆ. ನೀರು ಕೇಳದ, ಗೊಬ್ಬರ ಕೇಳದ, ಸಾಲ ಕೇಳದ ಬೆಳೆ. ಮಗಳ ಸೀರೆಗೋ ಹಬ್ಬದ ಖರ್ಚಿಗೋ ಕೈಗೆ ಬರುವ ಬಿಡಿಕಾಸು.

ಈಗ ಹಕ್ಕಿಯ ಪಂಚಾಂಗವನ್ನು ಅದರ ಮೇಲಿಟ್ಟು ನೋಡಿ. ಹೆಜ್ಜಾರ್ಲೆ ಮೊಟ್ಟೆಯಿಟ್ಟು ಸುಮಾರು 30 ದಿನ ಕಾವು ಕೂರುತ್ತದೆ. ಮರಿ ಗೂಡು ಬಿಡಲು ಅಲ್ಲಿಂದ ಮೂರು ತಿಂಗಳಾದರೂ ಬೇಕು. ಅಂದರೆ ಹುಣಸೆ ಬಡಿಯಬೇಕಾದ ಫೆಬ್ರವರಿ–ಮಾರ್ಚಿನಲ್ಲಿ ಮರದ ತುಂಬ ಹಾರಲಾರದ ಮರಿಗಳು. ಹತ್ತುವಂತಿಲ್ಲ, ಅಲುಗಿಸುವಂತಿಲ್ಲ, ಗಳು ಎತ್ತುವಂತಿಲ್ಲ. ಹಣ್ಣು ಮರದಲ್ಲೇ ಒಣಗಿ, ಹಿಕ್ಕೆ ಮೆತ್ತಿಕೊಂಡು, ಯಾರಿಗೂ ಬೇಡವಾಗಿ ಉದುರುತ್ತದೆ. ಸುಣ್ಣ ಬಳಿದಂತಾದ ಎಲೆಗಳು ಸುಟ್ಟುಹೋಗುತ್ತವೆ, ಗೂಡಿಗೆ ಕಡ್ಡಿ ಮುರಿದುಕೊಂಡ ಕೊಂಬೆ ಬೋಳಾಗುತ್ತದೆ. ವರ್ಷಗಟ್ಟಲೆ ಹಕ್ಕಿ ಕೂತ ಮರ ಸೊರಗುತ್ತದೆ.

ಸರ್ಕಾರ ಪರಿಹಾರ ಕೊಡಲು ಶುರುಮಾಡಿದ್ದು ಈ ಕಾರಣಕ್ಕೆ. ಗೂಡಿರುವ ಮರಗಳನ್ನು ಎಣಿಸಿ, ಮಾಲೀಕರಿಗೆ ಮರಕ್ಕಿಷ್ಟು ಎಂದು ವರ್ಷಕ್ಕೊಮ್ಮೆ ಕೊಡುವ ಹಣ. ಒಂದು ದೃಷ್ಟಿಯಿಂದ ಅದು ಪರಿಹಾರ, ಇನ್ನೊಂದು ದೃಷ್ಟಿಯಿಂದ ಹಕ್ಕಿಗಳ ಪರವಾಗಿ ಕಟ್ಟುವ ಬಾಡಿಗೆ. ಬಾಡಿಗೆಯಲ್ಲಿ ಇರುವ ತಕರಾರುಗಳೆಲ್ಲ ಇದರಲ್ಲೂ ಇವೆ. ಸಮಯಕ್ಕೆ ಬರುವುದಿಲ್ಲ, ಸಂತೆಯ ದರ ಏರಿದಷ್ಟು ಏರುವುದಿಲ್ಲ, ಪಾಲಾದ ಮರಕ್ಕೆ ಯಾರ ಹೆಸರಲ್ಲಿ ಚೆಕ್ಕು ಅನ್ನುವ ಪ್ರಶ್ನೆ ಬೇರೆ. ಹುಣಸೆಗೆ ರೇಟು ಬಂದ ವರ್ಷ ಈ ಮಾತು ಜೋರಾಗುತ್ತದೆ, ಬಿದ್ದ ವರ್ಷ ತಣ್ಣಗಾಗುತ್ತದೆ. ಇನ್ನೊಂದು ಆಮಿಷವೂ ಇದೆ. ಹುಣಸೆಯ ಮರ ಗಟ್ಟಿ. ಗಾಣಕ್ಕೆ, ಒನಕೆಗೆ, ಮಾಂಸದ ಅಂಗಡಿಯ ಕೊರಡಿಗೆ ಅದೇ ಬೇಕು. ಇಟ್ಟಿಗೆ ಗೂಡಿಗೆ ಸೌದೆಯಾಗಿಯೂ ಅದಕ್ಕೆ ಬೆಲೆ. ಮನೆಗೊಂದು ಕಷ್ಟ ಬಂದಾಗ ಮರ ಮಾರಿದರೆ ಒಂದೇ ಸಲಕ್ಕೆ ದುಡ್ಡು. ಹಾಗೆ ಹೋದ ಮರಗಳೂ ಇವೆ.

ಹಕ್ಕಿಯ ಕಡೆಯಿಂದ ಊರಿಗೆ ಏನೂ ಬರುವುದಿಲ್ಲವೆಂದಲ್ಲ. ಮೀನು ತಿಂದ ಹಕ್ಕಿಯ ಹಿಕ್ಕೆ ಸಾರಜನಕ, ರಂಜಕ ತುಂಬಿದ ಗೊಬ್ಬರ. ಇದನ್ನು ಹಿಡಿಯಲು ಊರಿನವರು ಕಂಡುಕೊಂಡ ಉಪಾಯ ನನಗೆ ಯಾವ ಯೋಜನೆಗಿಂತಲೂ ಜಾಣತನದ್ದಾಗಿ ಕಾಣುತ್ತದೆ. ಹಕ್ಕಿ ಬರುವ ಮುಂಚೆ ಮರದ ನೆರಳಿನಷ್ಟು ಅಗಲಕ್ಕೆ ಬುಡದಲ್ಲಿ ತಗ್ಗು ತೆಗೆಯುತ್ತಾರೆ. ಕೆರೆಯಿಂದ ಗೋಡುಮಣ್ಣು ತಂದು ತುಂಬುತ್ತಾರೆ. ಆಮೇಲೆ ಆರು ತಿಂಗಳು ಮೇಲಿನಿಂದ ಬೀಳುವುದೆಲ್ಲ, ಅಂದರೆ ಹಿಕ್ಕೆ, ಕಕ್ಕಿದ ಮೀನು, ಒಡೆದ ಮೊಟ್ಟೆ, ಗರಿ, ಎಲ್ಲ ಆ ಮಣ್ಣಿನಲ್ಲಿ ಇಂಗುತ್ತದೆ. ನೇರವಾಗಿ ಹಾಕಿದರೆ ಪೈರು ಸುಡುವಷ್ಟು ಖಾರದ ಗೊಬ್ಬರ ಕೆರೆಮಣ್ಣಿನಲ್ಲಿ ಬೆರೆತು ಹದವಾಗುತ್ತದೆ. ಹಕ್ಕಿ ಹೋದ ಮೇಲೆ ತಗ್ಗು ಬಗೆದು ಗಾಡಿಗೆ ತುಂಬಿ ಗದ್ದೆಗೆ ಹೊಡೆಯುತ್ತಾರೆ.

ಇದರಲ್ಲಿ ಕೆರೆಯ ಸುತ್ತು ಎಷ್ಟು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ ನೋಡಿ. ಗದ್ದೆಯಿಂದ ಕೊಚ್ಚಿಹೋದ ಸಾರ ಕೆರೆಯ ತಳ ಸೇರುತ್ತದೆ, ಅದನ್ನುಂಡ ಮೀನನ್ನು ಹಕ್ಕಿ ಹೊತ್ತು ತಂದು ಮರದಡಿ ಹಾಕುತ್ತದೆ, ಅಲ್ಲಿ ಕಾಯುತ್ತಿರುವುದೂ ಅದೇ ಕೆರೆಯ ಹೂಳು. ಆದರೆ ಯೂರಿಯಾ ಚೀಲ ಸೊಸೈಟಿಯಲ್ಲಿ ಸುಲಭವಾಗಿ ಸಿಗುವ ಕಾಲದಲ್ಲಿ ಗೋಡು ತುಂಬುವ, ಬಗೆಯುವ ಆಳಿನ ಕೂಲಿಗೆ ಈ ಗೊಬ್ಬರ ಗಿಟ್ಟುತ್ತದೆಯೇ ಎಂದು ಲೆಕ್ಕ ಹಾಕುವವರನ್ನು ತಪ್ಪೆನ್ನಲಾರೆ.

ಲೆಕ್ಕಕ್ಕೆ ಸಿಗದ ಬಾಬ್ತೂ ಒಂದಿದೆ: ವಾಸನೆ. ಫೋಟೋದಲ್ಲಿ ಅದು ಬರುವುದಿಲ್ಲ. ಫೆಬ್ರವರಿ ಮುಗಿಯುವ ಹೊತ್ತಿಗೆ, ಬಿಸಿಲು ಏರಿದ ಮಧ್ಯಾಹ್ನ ಒಂದು ಮರದಡಿ ನಿಂತಿದ್ದೆ. ಕೊಳೆತ ಮೀನು, ಸುಣ್ಣ, ಅಮೋನಿಯಾ ಬೆರೆತ ಗಾಳಿ ಮೂಗಿಗಲ್ಲ, ಕಣ್ಣಿಗೇ ಹೊಡೆಯುತ್ತಿತ್ತು. ಮೇಲೆ ಒಂದು ಹೆಜ್ಜಾರ್ಲೆ ಆಗಷ್ಟೇ ಇಳಿದಿತ್ತು. ಬೂದುಬಣ್ಣದ ಮರಿಯೊಂದು ತಾಯಿಯ ಬಾಯೊಳಗೆ ಕೊಕ್ಕನ್ನಷ್ಟೇ ಅಲ್ಲ, ತಲೆಯನ್ನು, ಕತ್ತಿನ ಅರ್ಧವನ್ನು ಇಳಿಸಿಬಿಟ್ಟಿತು. ಗಂಟಲಚೀಲ ಒಳಗಿನಿಂದ ಉಬ್ಬಿ ತಗ್ಗುತ್ತಿತ್ತು. ತಾಯಿ ಸುಮ್ಮನೆ ಕಣ್ಣು ಮಿಟುಕಿಸುತ್ತ ನಿಂತಿತ್ತು. ಎರಡನೆಯ ಮರಿ ನುಗ್ಗಿದ ರಭಸಕ್ಕೆ ಬೆರಳುದ್ದದ ಮೀನೊಂದು ಜಾರಿ, ಕೊಂಬೆಗೆ ಬಡಿದು, ಕೆಳಗಿನ ಮನೆಯ ಹೆಂಚಿನ ಮೇಲೆ ಪಟ್ ಎಂದು ಬಿತ್ತು. ಹೆಂಚಿನ ಮೇಲಿಂದ ಉರುಳಿಕೊಂಡು ಅಂಗಳಕ್ಕೆ ಬಂದ ಮೀನನ್ನು ಬೆಕ್ಕೊಂದು ಅವಸರವೇ ಇಲ್ಲದೆ ಎದ್ದು ಬಂದು ಕಚ್ಚಿಕೊಂಡು ಹೋಯಿತು. ಅದೇ ಅಂಗಳದಲ್ಲಿ ಒಬ್ಬಾಕೆ ರಾಗಿ ಹರವಿದ್ದರು. ಮರದ ಕೊಂಬೆಯ ನೆರಳು ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿಗೆ ಸರಿಯಾಗಿ ಒಂದು ಗೇಣು ಬಿಟ್ಟು. ಎಷ್ಟು ವರ್ಷದ ಅಭ್ಯಾಸವಿರಬೇಕು ಆ ಒಂದು ಗೇಣಿನ ಹಿಂದೆ.

ಬಿದ್ದ ಮರಿಗಳು

ಗೂಡುಗಳು ಒತ್ತೊತ್ತಾಗಿರುವುದರಿಂದ ಮರಿಗಳು ಬೀಳುತ್ತವೆ. ಗಾಳಿಗೆ, ಜಗಳಕ್ಕೆ, ಮುರಿದ ಕೊಂಬೆಗೆ. ಬಿದ್ದ ಹೆಜ್ಜಾರ್ಲೆ ಮರಿಯನ್ನು ತಾಯಿ ನೆಲಕ್ಕಿಳಿದು ಸಾಕುವುದಿಲ್ಲ. ನಾಯಿಯ ಬಾಯಿಗೆ ಸಿಗದಿದ್ದರೆ ಹಸಿವಿಗೆ ಸಾಯುತ್ತದೆ.

1990ರ ದಶಕದ ನಡುವಿನಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡದವರು ಇಲ್ಲಿ ಬಂದು ನೆಲೆಯೂರಿ ಕೆಲಸ ಶುರುಮಾಡಿದರು. ಊರ ಹುಡುಗರನ್ನು ಸೇರಿಸಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಬಿದ್ದ ಮರಿಗಳನ್ನು ಎತ್ತಿ ತಂದು, ತಂತಿಬೇಲಿಯ ಆವರಣದೊಳಗೆ ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸ. ಹೇಳಿದಷ್ಟು ಹಗುರವಲ್ಲ. ಬೆಳೆಯುವ ಹೆಜ್ಜಾರ್ಲೆ ಮರಿಯ ಹಸಿವು ಕೇಜಿಗಳ ಲೆಕ್ಕದ್ದು, ಮೀನು ದಿನಾ ತಾಜಾ ಬೇಕು, ಅದಕ್ಕೆ ದುಡ್ಡು ಬೇಕು, ಬೆಳಗ್ಗೆ–ಸಂಜೆ ಒಬ್ಬ ಆಳು ಬೇಕು. ನೆಲದ ಮೇಲೆ ಬೆಳೆದ ಮರಿಗಳು ಕೊನೆಗೆ ಹಾರಿ, ಗುಂಪಿಗೆ ಸೇರಿ ಹೋದದ್ದನ್ನು ನೋಡಿದ ಹುಡುಗರಿಗೆ ಆ ಹಕ್ಕಿಯ ಮೇಲೆ ಒಂದು ಹಕ್ಕು ಬಂದಂತಾಯಿತು. ಮರ ಯಾರದೇ ಇರಲಿ, ಮರಿ ನಮ್ಮದು ಅನ್ನುವ ಹಕ್ಕು. ಹಕ್ಕಿಯ ಜೊತೆ ಊರಿಗಿದ್ದ ನಂಟು ಅಜ್ಜಿಯರ ನಂಬಿಕೆಯಿಂದ ಹುಡುಗರ ಕೈಗೆ ದಾಟಿದ್ದು ಆಗ.

ಕಾನೂನಿನ ಭಾಗ ಬೇಗ ಮುಗಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ‘ಸಮುದಾಯ ಮೀಸಲು’ ಎಂಬ ಹೊಸ ಬಗೆಯನ್ನು ಸೇರಿಸಿದರು. ಖಾಸಗಿ ಅಥವಾ ಸಮುದಾಯದ ಜಮೀನಿನಲ್ಲಿ, ಅಲ್ಲಿನವರೇ ಮುಂದೆ ಬಂದರೆ, ಭೂಸ್ವಾಧೀನವಿಲ್ಲದೆ ರಕ್ಷಣೆ. ನೋಡಿಕೊಳ್ಳಲು ಒಂದು ಸಮಿತಿ. 2007ರಲ್ಲಿ ಕೊಕ್ಕರೆ ಬೆಳ್ಳೂರಿನ ಸುಮಾರು 3.12 ಚದರ ಕಿಲೋಮೀಟರ್ ಜಾಗ ಹೀಗೆ ಘೋಷಣೆಯಾಯಿತು. ಊರು ಎಂದಿನಿಂದಲೂ ಮಾಡುತ್ತಿದ್ದುದಕ್ಕೆ ಕಾಗದ ಬಂತು. ಜೊತೆಗೆ ಬೋರ್ಡು ಬಂತು, ಮಾಹಿತಿ ಕೇಂದ್ರ ಬಂತು, ಭಾನುವಾರ ಕಾರುಗಳು ಬಂದವು.

ನೀರು

ಕಾಗದದ ಗಡಿ ಮತ್ತು ಹಕ್ಕಿಯ ಗಡಿ ಬೇರೆ ಬೇರೆ. ಬೆಳಗಿನ ಬಿಸಿಲು ನೆಲ ಕಾಯಿಸಿ ಗಾಳಿ ಮೇಲೇಳುವ ಹೊತ್ತಿಗೆ ಹೆಜ್ಜಾರ್ಲೆಗಳು ಹೊರಡುತ್ತವೆ. ಎರಡು ಮೀಟರಿಗೂ ಮೀರಿದ ರೆಕ್ಕೆಯನ್ನು ಚಾಚಿ, ಬಡಿಯದೆ, ಸುತ್ತುತ್ತ ಸುತ್ತುತ್ತ ಮೇಲೇರಿ ಒಂದು ದಿಕ್ಕಿಗೆ ಜಾರುತ್ತವೆ. ಹತ್ತಾರು ಕಿಲೋಮೀಟರ್ ಆಚೆಯ ಕೆರೆಗೆ ಹೋಗಿ ಮಧ್ಯಾಹ್ನದ ಮೇಲೆ ಮೀನು ಹೊತ್ತು ಬರುತ್ತವೆ. ಬೆಳ್ಳೂರಿನವರಿಗೆ ಆ ಕೆರೆಗಳ ಮೇಲೆ ಅಧಿಕಾರವಿಲ್ಲ. ಅಲ್ಲಿ ಮೀನಿನ ಹಕ್ಕು ಹರಾಜಾಗಿರುತ್ತದೆ. ದುಡ್ಡು ಕಟ್ಟಿ ಮರಿ ಬಿಟ್ಟ ಗುತ್ತಿಗೆದಾರನಿಗೆ ಈ ಹಕ್ಕಿ ಕಳ್ಳ. ಅವನು ಪಟಾಕಿ ಹೊಡೆದರೆ, ತಮಟೆ ಬಡಿದರೆ ಅವನ ಲೆಕ್ಕದಲ್ಲಿ ಅದು ನ್ಯಾಯ. ಬೆಳ್ಳೂರಿನಲ್ಲಿ ಬಾಣಂತಿ ಮಗಳು, ಹತ್ತು ಮೈಲಿ ಆಚೆ ಕಳ್ಳಿ.

2017ರ ಕೊನೆಯಿಂದ 2018ರ ಬೇಸಿಗೆಯವರೆಗೆ ಈ ಊರಿನಲ್ಲಿ ಹೆಜ್ಜಾರ್ಲೆಗಳು ಸಾಯತೊಡಗಿದವು. ಒಂದೆರಡಲ್ಲ, ಹತ್ತಾರು. ಬಲಿತ ಹಕ್ಕಿಗಳೇ ಮರದಿಂದ ಬಿದ್ದು ಏಳಲಾರದೆ ಸತ್ತವು. ಮೊದಲು ಜನಕ್ಕೆ ಹಕ್ಕಿಜ್ವರದ ಭಯ. ಕೋಳಿ ಸಾಕಿದ ಮನೆಗಳಿರುವ ಊರಿನಲ್ಲಿ ಅದು ಸಣ್ಣ ಭಯವಲ್ಲ. ಸತ್ತ ಹಕ್ಕಿಗಳನ್ನು ಕೊಯ್ದು ಪರೀಕ್ಷಿಸಿದಾಗ ಸಿಕ್ಕಿದ್ದು ಜಂತುಹುಳು, ಹೊಟ್ಟೆಯ ತುಂಬ. ಈ ಹುಳುಗಳ ಮೊಟ್ಟೆ ಹಕ್ಕಿಯ ಹಿಕ್ಕೆಯೊಂದಿಗೆ ನೀರು ಸೇರುತ್ತದೆ. ಅಲ್ಲಿನ ಸಣ್ಣ ಜೀವಿಗಳನ್ನು ಹೊಕ್ಕು, ಅವನ್ನು ತಿಂದ ಮೀನಿಗೆ ಬಂದು, ಮೀನು ತಿಂದ ಹಕ್ಕಿಯಲ್ಲಿ ಬಲಿಯುತ್ತದೆ. ಅಲ್ಪಸ್ವಲ್ಪ ಹುಳು ಯಾವ ಹೆಜ್ಜಾರ್ಲೆಗೂ ಹೊಸದಲ್ಲ. ಹುಳು ಕೊಲ್ಲುವ ಮಟ್ಟಕ್ಕೆ ಏರಿತೆಂದರೆ ಅನುಮಾನ ನೀರಿನ ಕಡೆಗೇ ತಿರುಗುತ್ತದೆ. ಕೆರೆ ಕುಗ್ಗಿ, ಊರ ಚರಂಡಿ ಬಂದು ಸೇರಿ, ಉಳಿದ ಒಂದೆರಡು ಗುಂಡಿಗೇ ಎಲ್ಲ ಹಕ್ಕಿಗಳೂ ಮುಗಿಬಿದ್ದರೆ ಹುಳುವಿನ ಸುತ್ತು ಸಲೀಸು.

ಊರಿನವರು ಕಾದದ್ದರಲ್ಲಿ ಲೋಪವಿರಲಿಲ್ಲ. ಮರ ಕಡಿದಿರಲಿಲ್ಲ, ಕಲ್ಲೆಸೆದಿರಲಿಲ್ಲ, ಬಿದ್ದ ಮರಿಯನ್ನು ಎತ್ತಿಕೊಂಡಿದ್ದರು. ಸಾವು ಬಂದದ್ದು ಮೀಸಲಿನ ಗಡಿಯಾಚೆಯ ಊಟದಿಂದ. 3.12 ಚದರ ಕಿಲೋಮೀಟರಿನ ನಕ್ಷೆಯಲ್ಲಿ ಗೂಡಿದೆ, ತಟ್ಟೆ ಇಲ್ಲ. ತಟ್ಟೆಯಿರುವುದು ಶಿಂಷಾದ ಮರಳು ತೆಗೆದ ಮಡುವುಗಳಲ್ಲಿ, ನಾಲೆಯ ಕೊನೆಯ ಕೆರೆಗಳಲ್ಲಿ, ಊರಾಚೆ ಊರುಗಳ ಚರಂಡಿ ಹೋಗುವಲ್ಲಿ. ಇಷ್ಟು ವರ್ಷವಾದರೂ ಪರಿಹಾರ, ಯೋಜನೆ, ಸಮಿತಿ ಎಲ್ಲ ಮರದ ಸುತ್ತಲೇ ಸುತ್ತುತ್ತಿರುವುದಕ್ಕೆ ಕಾರಣ ಸರಳ: ಮರವನ್ನು ಎಣಿಸಬಹುದು, ಅದಕ್ಕೆ ಮಾಲೀಕನಿದ್ದಾನೆ, ಅವನ ಸಹಿ ಹಾಕಿಸಬಹುದು. ಕೆರೆಗೆ ಸಣ್ಣ ನೀರಾವರಿಯವರು ಒಂದು ಕಡೆ, ಮೀನುಗಾರಿಕೆಯವರು ಇನ್ನೊಂದು ಕಡೆ, ಪಂಚಾಯ್ತಿ ಮತ್ತೊಂದು ಕಡೆ.

ಮರಗಳ ಮಾತಿಗೇ ಬರುವುದಾದರೂ ಹೊಸ ಮರದ ಪ್ರಶ್ನೆ ಹಾಗೇ ಉಳಿದಿದೆ. ಬೀಜದಿಂದ ಎದ್ದ ಹುಣಸೆ ಕಾಯಿ ಬಿಡಲು ಹತ್ತು ವರ್ಷವಾದರೂ ಬೇಕು. ಹೆಜ್ಜಾರ್ಲೆಯ ಭಾರ ಹೊರುವ ನೆತ್ತಿ ಬರಲು ಇನ್ನೂ ಎಷ್ಟೋ ದಶಕ. ಮನೆ ಅಗಲವಾಗಿ, ಹಿತ್ತಲು ಕಿರಿದಾಗಿ, ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದಿರುವ ಊರಿನಲ್ಲಿ ಅಂಥ ಗಿಡ ಎಲ್ಲಿ ನೆಡುವುದು? ಆಲ, ಅರಳಿ, ಬಸರಿಗಳನ್ನು ಊರ ಹೊರಗೆ, ಕೆರೆ ಏರಿಯ ಮೇಲೆ ನೆಡಬಹುದು. ಹಕ್ಕಿ ಅಲ್ಲಿಗೆ ಹೋಗುತ್ತದೆಯೇ? 1916ರಲ್ಲಿ ಜನರಿಲ್ಲದ ಮರಗಳನ್ನು ಬಿಟ್ಟು ಬಂದ ಹಕ್ಕಿಗಳ ವಂಶ ಇದು.

ಜೂನ್ ಮೊದಲ ವಾರದ ಹೊತ್ತಿಗೆ ಗೂಡುಗಳು ಖಾಲಿ. ಬೋಳು ಕೊಂಬೆಗಳ ನಡುವೆ ಒಣ ಕಡ್ಡಿಯ ತಟ್ಟೆಗಳು ನೇತಾಡುತ್ತಿರುತ್ತವೆ, ಕಾಗೆಗಳು ಕಡ್ಡಿ ಕದಿಯುತ್ತಿರುತ್ತವೆ. ಒಂದು ಹದ ಮಳೆ ಬಿದ್ದರೆ ಎಲೆಯ ಸುಣ್ಣವೆಲ್ಲ ತೊಳೆದು ಬುಡಕ್ಕಿಳಿಯುತ್ತದೆ. ಆಮೇಲೆ ಹಾರೆ, ಮಂಕರಿ ಹಿಡಿದು ತಗ್ಗು ಬಗೆಯುತ್ತಾರೆ. ಮೇಲಿನ ಮಣ್ಣು ಬಿಳಿಚು, ಒಂದು ಮೊಳ ಕೆಳಗೆ ಎಣ್ಣೆ ಹಚ್ಚಿದಂಥ ಕಪ್ಪು. ಹಾರೆಗೆ ಮೀನಿನ ಮುಳ್ಳು ಸಿಗುತ್ತದೆ, ಒಮ್ಮೊಮ್ಮೆ ಒಡೆಯದೇ ಉಳಿದ ಮೊಟ್ಟೆಯೂ. ಗಾಡಿ ತುಂಬಿ ಗದ್ದೆಗೆ ಹೊರಟ ಮೇಲೆ ತಗ್ಗು ಹಾಗೇ ತೆರೆದಿರುತ್ತದೆ, ಕೆರೆಯಿಂದ ಗೋಡು ಬರುವವರೆಗೆ.